ಮುಖ್ಯಮಂತ್ರಿಯನ್ನು ನಾವೇ ಆರಿಸಿದರೆ ಆಗದೇ?

ಪ್ರಶ್ನೆ: 2018ರ ಚುನಾವಣೆಯಿಂದ 2023ರ ಚುನಾವಣೆಯೊಳಗೆ ಮೂವರು ಮುಖ್ಯಮಂತ್ರಿಗಳನ್ನು ನೋಡಿದೆವು. ಅಮೆರಿಕದ ರಾಜ್ಯಗಳಲ್ಲಿ ಗವರ್ನರನ್ನು ಜನರೇ ಆರಿಸುತ್ತಾರೆ. ನಾವೂ ಹಾಗೇ ಮಾಡಿದರೆ ಐದು ವರ್ಷ ನೆಮ್ಮದಿ ಅಲ್ವಾ ಸರ್?
– ಪದವಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ನೀವು ದೋಷ ಅನ್ನುತ್ತಿರುವುದೇ ಸಂಸದೀಯ ಪದ್ಧತಿಯ ಶಕ್ತಿಯೂ ಹೌದು. ಬಹುಮತ ಹೋಯಿತೋ, ಸರ್ಕಾರ ಇಳಿಯಬೇಕು. 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರ ಒಂದೇ ಓಟಿನಿಂದ ಬಿತ್ತು. ಅಮೆರಿಕದ ಗವರ್ನರಂತೆ ಅವಧಿ ಗಟ್ಟಿಮಾಡಿಕೊಂಡು ಕೂತವರನ್ನು ಅಷ್ಟು ಸುಲಭವಾಗಿ ಇಳಿಸಲಾಗದು. ಸ್ಥಿರತೆ ಸ್ವಲ್ಪ ಕಡಿಮೆಯಾದರೂ ಸರಿ, ಸರ್ಕಾರ ದಿನಾ ಲೆಕ್ಕ ಒಪ್ಪಿಸುವಂತಿರಬೇಕು ಅನ್ನುವುದು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಮಂಡಿಸಿದ ವಾದ.

ದಿನಾ ಲೆಕ್ಕ ಅಂದರೆ ಹೇಗೆ? ನಮ್ಮ ಭಾಗದ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯನ್ನೇ ತಗೊಳ್ಳಿ. ಚಿತ್ರದುರ್ಗದ ಶಾಸಕರೊಬ್ಬರು ಚುಕ್ಕೆ ಗುರುತಿನ ಪ್ರಶ್ನೆ ಹಾಕಿದರೆ ಜಲಸಂಪನ್ಮೂಲ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು. ಉತ್ತರವನ್ನು ಅಧಿಕಾರಿಗಳೇ ಬರೆದುಕೊಟ್ಟಿರುತ್ತಾರೆ, ಬಿಡಿ. ಅದರ ಬೆನ್ನಿಗೇ, 2023ರ ಕೇಂದ್ರ ಬಜೆಟ್‌ನಲ್ಲಿ ಹೇಳಿದ 5,300 ಕೋಟಿ ಎಲ್ಲಿಗೆ ಬಂತು, ಬರದಿದ್ದರೆ ನೀವೇನು ಮಾಡಿದಿರಿ ಅಂತ ಉಪಪ್ರಶ್ನೆ ಬಂದರೆ? ಆಗ ಕೈಯಲ್ಲಿರುವ ಹಾಳೆ ಕೆಲಸಕ್ಕೆ ಬರುವುದಿಲ್ಲ.

ನಿಜವಾದ ದೋಷ ಬೇರೆ ಕಡೆ ಇದೆ ಅಂತ ನನಗನಿಸುತ್ತದೆ. 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂತು. ವಿಪ್, ಅಂದರೆ ಹೀಗೇ ಓಟು ಹಾಕಿ ಅನ್ನುವ ಪಕ್ಷದ ಆದೇಶ, ಮೀರಿದರೆ ಶಾಸಕ ಸ್ಥಾನಕ್ಕೇ ಸಂಚಕಾರ. ಹಾಗಾಗಿ ಮಸೂದೆ ತಪ್ಪು ಅನಿಸಿದರೂ ಆಳುವ ಪಕ್ಷದವರು ಸುಮ್ನೆ ಕೈ ಎತ್ತುತ್ತಾರೆ. ಸರ್ಕಾರವನ್ನು ಕೇಳಬೇಕಾದವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಯ ಬಾಯಿಗೆ ಬೀಗ. ಹೋಗಲಿ, ಪಕ್ಷಾಂತರವಾದರೂ ನಿಂತಿತೇ? 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಸೋತಿತು. 17 ಶಾಸಕರು ಅನರ್ಹರಾದರು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರು ಹೊಸ ಪಕ್ಷದಿಂದ ನಿಂತು ಗೆದ್ದೇ ಬಂದರು. ಅವರಿಗೆ ಓಟು ಹಾಕಿದವರು ನಾವೇ ತಾನೇ?

ಇನ್ನು ನೇರ ಆಯ್ಕೆ. ಸಂಸತ್ತನ್ನು ಉಳಿಸಿಕೊಂಡೇ ಪ್ರಧಾನಿಯನ್ನು ಜನರಿಂದ ಆರಿಸುವ ಪ್ರಯೋಗವನ್ನು ಇಸ್ರೇಲ್ 1996ರಿಂದ ಮಾಡಿ ನೋಡಿತು. ಜನ ಪ್ರಧಾನಿಗೊಂದು ಓಟು ಹಾಕಿ, ಇನ್ನೊಂದನ್ನು ಸಣ್ಣಪುಟ್ಟ ಪಕ್ಷಗಳಿಗೆ ಹಂಚಿದರು. ಬಹುಮತ ಕೂಡಿಸುವುದು ಇನ್ನೂ ಕಷ್ಟವಾಯಿತು. 2001ರಲ್ಲಿ ಆ ಕಾನೂನನ್ನೇ ಕೈಬಿಟ್ಟರು.

ಅದಕ್ಕಿಂತ ವಿಪ್‌ನ ಬಿಗಿ ಸಡಿಲಿಸುವುದು ಮೇಲು. ಸರ್ಕಾರದ ಅಳಿವು ಉಳಿವಿನ ಮತದಾನದಲ್ಲಿ ವಿಪ್ ಮೀರಿದರೆ ಮಾತ್ರ ಅನರ್ಹತೆ ಇರಲಿ ಅಂತ ಚುನಾವಣಾ ಸುಧಾರಣೆ ಕುರಿತ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ಯಾವ ಪಕ್ಷ ಅಧಿಕಾರಕ್ಕೆ ಬಂದರೂ ಅದನ್ನು ಜಾರಿ ಮಾಡಲಿಲ್ಲ.