ಮಗನ ಬೀಜದಲ್ಲಿ ಗಡ್ಡೆ: ಪೂರ್ತಿ ತೆಗೆಯಲೇಬೇಕಾ?

ಪ್ರಶ್ನೆ: ಡಾಕ್ಟ್ರೇ, ಮಗನಿಗೆ 4 ವರ್ಷ. ಸ್ನಾನ ಮಾಡಿಸುವಾಗ ಎಡಗಡೆ ಬೀಜದಲ್ಲಿ ಗಟ್ಟಿಯಾಗಿ ಏನೋ ಕೈಗೆ ಸಿಕ್ಕಿತು. ನೋವಿಲ್ಲ, ಆಡಿಕೊಂಡೇ ಇದ್ದಾನೆ. ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಅಂತ ಬಂತು. ಎಎಫ್‌ಪಿ ಅನ್ನುವ ಪ್ರೋಟೀನ್‌ನ ರಕ್ತಪರೀಕ್ಷೆ ನಾರ್ಮಲ್. ಒಬ್ಬ ಡಾಕ್ಟ್ರು ಬೀಜವನ್ನೇ ತೆಗೆಯಬೇಕು ಅಂದರು, ಇನ್ನೊಬ್ಬರು ಗಡ್ಡೆ ಮಾತ್ರ ತೆಗೆದರೆ ಸಾಕಾಗಬಹುದು ಅಂದರು. ಮುಂದೆ ಇವನಿಗೆ ಮಕ್ಕಳಾಗುತ್ತಾ ಅಂತ ಅತ್ತೆ ಅಳುತ್ತಿದ್ದಾರೆ. ಯಾರ ಮಾತು ಕೇಳುವುದು?
– ಒಬ್ಬ ತಾಯಿ, ಕಾಪು

ಉತ್ತರ: ಎಎಫ್‌ಪಿ ನಾರ್ಮಲ್ ಅಂತ ಬರೆದಿದ್ದೀರಲ್ಲ, ಅದೇ ಇಲ್ಲಿ ದೊಡ್ಡ ಸಮಾಧಾನ. ಈ ವಯಸ್ಸಿನವರಿಗೆ ಬೀಜದಲ್ಲಿ ಬರುವ ಕ್ಯಾನ್ಸರ್ ಹೆಚ್ಚಾಗಿ ಯೋಕ್ ಸ್ಯಾಕ್ ಟ್ಯೂಮರ್, ಅದಿದ್ದರೆ ಎಎಫ್‌ಪಿ ಸಾಮಾನ್ಯವಾಗಿ ಏರಿರುತ್ತದೆ. (ವರ್ಷ ತುಂಬದ ಕೂಸಿಗೆ ಈ ಲೆಕ್ಕ ಹಿಡಿಯಬಾರದು, ಹುಟ್ಟುವಾಗಲೇ ಅದು ಜಾಸ್ತಿ ಇರುತ್ತದೆ.) ದೊಡ್ಡವರ ಬೀಜದಲ್ಲಿ ಗಡ್ಡೆ ಅಂದರೆ ಮೊದಲು ಕ್ಯಾನ್ಸರ್ ಅಂತಲೇ ನೋಡುತ್ತೇವೆ, ಬೀಜವನ್ನೇ ತೆಗೆಯುತ್ತೇವೆ. ಚಿಕ್ಕ ಮಕ್ಕಳಲ್ಲಿ ಹಾಗಲ್ಲ. ಟೆರಾಟೋಮಾ, ಎಪಿಡರ್ಮಾಯ್ಡ್ ಸಿಸ್ಟ್ ಅನ್ನುವ, ಬೇರೆ ಕಡೆ ಹರಡದ ಗಡ್ಡೆಗಳೇ ಜಾಸ್ತಿ. ದೊಡ್ಡವರ ನಿಯಮವನ್ನು ನಿಮ್ಮ ಮಗನ ಮೇಲೆ ಸುಮ್ನೆ ಹೇರುವುದು ನನಗೆ ಸರಿ ಕಾಣುವುದಿಲ್ಲ.

ಗಡ್ಡೆ ಮಾತ್ರ ತೆಗೆಯುವ ಆಪರೇಷನ್ ಹೀಗೆ ನಡೆಯುತ್ತದೆ. ಬೀಜದ ಚೀಲವನ್ನು ಕೊಯ್ಯುವುದಿಲ್ಲ. ತೊಡೆಸಂದಿಯಲ್ಲಿ ಸಣ್ಣ ಗಾಯ ಮಾಡಿ, ಅಲ್ಲಿಂದ ಬೀಜವನ್ನು ಮೇಲಕ್ಕೆ ತಂದು, ರಕ್ತನಾಳಗಳನ್ನು ಸ್ವಲ್ಪ ಹೊತ್ತು ಮೆತ್ತಗೆ ಕಟ್ಟಿ ಹಿಡಿದು, ಗಡ್ಡೆಯನ್ನು ಅದರ ಸಿಪ್ಪೆ ಸಮೇತ ಬಿಡಿಸುತ್ತಾರೆ. ಎಪಿಡರ್ಮಾಯ್ಡ್ ಆಗಿದ್ದರೆ ಒಳಗೆ ಬೆಳ್ಳಗೆ ಗಿಣ್ಣಿನಂಥ ವಸ್ತು ಇರುತ್ತದೆ. ತೆಗೆದ ಗಡ್ಡೆಯನ್ನು ಕೂಡಲೇ ಪೆಥಾಲಜಿಸ್ಟ್ (ಮೈಕ್ರೋಸ್ಕೋಪಲ್ಲಿ ನೋಡಿ ರೋಗ ಹೇಳುವ ಡಾಕ್ಟ್ರು) ಹತ್ತಿರ ಕಳಿಸುತ್ತಾರೆ, ಇದಕ್ಕೆ ಫ್ರೋಜನ್ ಸೆಕ್ಷನ್ ಅನ್ನುತ್ತಾರೆ. ಮಗು ಅನಸ್ತೇಶಿಯಾದಲ್ಲಿ ಇರುವಾಗಲೇ ಅವರ ಉತ್ತರ ಬರುತ್ತದೆ. ಕೆಟ್ಟದ್ದಲ್ಲ ಅಂದರೆ ಉಳಿದ ಭಾಗ ಹೊಲಿದು ವಾಪಸ್ ಅದರ ಜಾಗಕ್ಕೆ ಇಡುತ್ತಾರೆ. ಕ್ಯಾನ್ಸರ್ ಅಂದರೆ ಅಲ್ಲೇ ಬೀಜ ತೆಗೆಯುತ್ತಾರೆ, ಅದಕ್ಕೆ ನೀವು ಮೊದಲೇ ಒಪ್ಪಿರಬೇಕು. ಕೊನೆಯ ಬಯಾಪ್ಸಿ ರಿಪೋರ್ಟ್ ಬೇರೆ ಹೇಳಿದರೆ ಮತ್ತೊಂದು ಆಪರೇಷನ್ ಬೇಕಾಗಬಹುದು, ಅದನ್ನೂ ಮುಚ್ಚಿಡಬಾರದು ಅಲ್ವಾ?

ಆದ್ದರಿಂದ ಸರ್ಜನ್ ಹತ್ತಿರ ನೇರವಾಗಿ ಕೇಳಿ: ನಿಮ್ಮಲ್ಲಿ ಫ್ರೋಜನ್ ಸೆಕ್ಷನ್ ಇದೆಯಾ, ಆ ದಿನ ಪೆಥಾಲಜಿಸ್ಟ್ ಇರುತ್ತಾರಾ, ಒಳ್ಳೆ ಭಾಗ ಎಷ್ಟು ಉಳಿದಿದೆ? ಗಡ್ಡೆ ಒತ್ತಿದ್ದರಿಂದ ಸ್ಕ್ಯಾನಿಂಗ್‌ನಲ್ಲಿ ಆ ಒಳ್ಳೆ ಭಾಗ ತೆಳ್ಳಗೆ ಕಾಣಬಹುದು, ಆದರೂ ಉಳಿಸಲು ನೋಡಬಹುದು. ಉತ್ತರ ಸಮಾಧಾನ ಕೊಡದಿದ್ದರೆ ಮಣಿಪಾಲದಲ್ಲೋ ಮಂಗಳೂರಲ್ಲೋ ಇರುವ ಮಕ್ಕಳ ಸರ್ಜನ್‌ಗೆ ಫಿಲ್ಮ್, ರಿಪೋರ್ಟ್ ಎಲ್ಲ ತೋರಿಸಿ. ಚೀಲದ ಮೂಲಕ ಸೂಜಿ ಹಾಕಿ ಪರೀಕ್ಷೆ ಮಾಡಿಸುವುದು ಬೇಡ. ಎಣ್ಣೆ ತಿಕ್ಕುವುದೂ ಬೇಡ. ಶಾಲೆ ರಜೆ ಬರಲಿ ಅಂತ ತಿಂಗಳುಗಟ್ಟಲೆ ಕಾಯುವುದಂತೂ ಬೇಡವೇ ಬೇಡ.

ಅತ್ತೆಯವರಿಗೆ ಹೇಳಿ, ಒಂದು ಬೀಜ ಚೆನ್ನಾಗಿದ್ದರೂ ಸಾಮಾನ್ಯವಾಗಿ ಮಕ್ಕಳಾಗುತ್ತವೆ. ಆದರೂ ಉಳಿಸಬಹುದಾದದ್ದನ್ನು ಉಳಿಸಲೇಬೇಕು, ಮುಂದೆ ಇನ್ನೊಂದಕ್ಕೆ ಏಟು ಬಿದ್ದರೆ ಇದೇ ಆಸರೆ. ಆಪರೇಷನ್ ಆದ ಮೇಲೆ ಡಾಕ್ಟ್ರು ಹೇಳಿದಾಗೆಲ್ಲ ಸ್ಕ್ಯಾನಿಂಗ್ ತಪ್ಪಿಸಬೇಡಿ.