ರಜೆ, ನಾಯಿ, ಬೆಕ್ಕು, ಮಕ್ಕಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪರೀಕ್ಷೆ ಮುಗಿದು ಯುಗಾದಿ ಬಂತೆಂದರೆ ಊರಿಗೆ, ತೋಟಕ್ಕೆ, ಘಟ್ಟದ ಕೆಳಗೆ ಹೊರಡುವವರ ಪತ್ರಗಳು ಹೆಚ್ಚುತ್ತವೆ. ಈ ಸಲದ ಮೊದಲ ಉತ್ತರ ಉದ್ದವಾಗಿದೆ. ಮಲೆನಾಡಿನ ಕಡೆ ಹೋಗುವವರು ದಯವಿಟ್ಟು ಅದನ್ನು ಪೂರ್ತಿ ಓದಿ.

ಪ್ರಶ್ನೆ: ಏಪ್ರಿಲ್ ರಜೆಗೆ ತೀರ್ಥಹಳ್ಳಿ ಹತ್ತಿರದ ಅಜ್ಜನ ಮನೆಗೆ ಹೋಗುತ್ತಿದ್ದೇವೆ. ಆರು ಮತ್ತು ಒಂಬತ್ತು ವರ್ಷದ ಮಕ್ಕಳು, ಜೊತೆಗೆ ನಮ್ಮ ಲ್ಯಾಬ್ರಡಾರ್. ತೋಟ ದಾಟಿದರೆ ಕಾಡು. ನಾಯಿಗೆ ಉಣ್ಣೆ ಹತ್ತದಂತೆ ಏನು ಮಾಡಬೇಕು? ಹತ್ತಿದರೆ ಸೀಮೆಎಣ್ಣೆ ಹಚ್ಚಿ ತೆಗೆಯಬಹುದೇ?
— ಓದುಗರು, ಬೆಂಗಳೂರು

ಉತ್ತರ: ಸೀಮೆಎಣ್ಣೆ ಬೇಡವೇ ಬೇಡ. ಅದಕ್ಕೆ ಕಾರಣ ಆಮೇಲೆ ಹೇಳುತ್ತೇವೆ. ನಾಯಿಗಿಂತ ಮೊದಲು ಮಕ್ಕಳ ವಿಷಯ ನೋಡೋಣ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣೆಯಿಂದ. ಮಳೆಗಾಲ ಮುಗಿದ ಮೇಲೆ ಉಣ್ಣೆ ಮರಿಗಳು ತರಗೆಲೆಗಳ ನಡುವೆ ಹೆಚ್ಚುತ್ತವೆ. ಹಾಗಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಯಿಲೆಯ ಕಾಲ, ನಿಮ್ಮ ರಜೆಯೂ ಅದರೊಳಗೇ ಬರುತ್ತದೆ. ಕಚ್ಚುವುದು ಹೆಚ್ಚಾಗಿ ಮರಿ ಉಣ್ಣೆ. ಅದು ಎಳ್ಳಿನ ಕಾಳಿಗಿಂತ ಚಿಕ್ಕದು, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಊರು ತಲುಪಿದ ದಿನವೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ: ಈ ವರ್ಷ ಸುತ್ತಮುತ್ತ ಮಂಗ ಸತ್ತಿದೆಯೇ, ಯಾರಿಗಾದರೂ ಜ್ವರ ಬಂದಿದೆಯೇ? ಹೌದೆಂದರೆ ಆ ಕಾಡಿನ ಅಂಚಿಗೂ ಮಕ್ಕಳನ್ನು ಬಿಡಬೇಡಿ. ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಉಣ್ಣೆಯನ್ನು ದೂರವಿಡುವ ಡೆಪಾ ತೈಲ ಹಂಚುತ್ತದೆ. ಮಕ್ಕಳಿಗೆ ಹೇಗೆ, ಎಷ್ಟು ಹಚ್ಚಬೇಕೆಂದು ಅಲ್ಲೇ ಕೇಳಿಕೊಳ್ಳಿ. ತೋಟಕ್ಕೆ ಹೋಗುವಾಗ ತಿಳಿ ಬಣ್ಣದ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು ಇರಲಿ. ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ. ತಿಳಿ ಬಣ್ಣದ ಮೇಲೆ ಉಣ್ಣೆ ಹರಿದಾಡಿದರೆ ಕಣ್ಣಿಗೆ ಬೀಳುತ್ತದೆ. ತರಗೆಲೆ ರಾಶಿಯ ಮೇಲೆ ಕೂತು ಆಡುವುದು ಬೇಡ.

ಮನೆಗೆ ಬಂದ ಕೂಡಲೇ ಹಾಕಿದ್ದ ಬಟ್ಟೆ ಬಿಸಿನೀರಿಗೆ, ಮಕ್ಕಳು ಬಚ್ಚಲಿಗೆ. ಸೋಪು ಹಚ್ಚಿ ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕೂದಲಿನ ಬುಡ, ಕಂಕುಳು, ಹೊಕ್ಕುಳು, ಪ್ಯಾಂಟಿನ ಎಲಾಸ್ಟಿಕ್ ಕೂರುವ ಸೊಂಟ, ತೊಡೆಸಂದು, ಮಂಡಿಯ ಹಿಂಭಾಗ ಎಲ್ಲವನ್ನೂ ಬೆರಳಾಡಿಸಿ ನೋಡಿ.

ಉಣ್ಣೆ ಕಚ್ಚಿಕೊಂಡಿದ್ದರೆ ಹುಬ್ಬು ಕೀಳುವ ಚೂಪು ಮೂತಿಯ ಚಿಮಟ ತೆಗೆದುಕೊಳ್ಳಿ. ಉಣ್ಣೆಯ ಹೊಟ್ಟೆಯನ್ನಲ್ಲ, ಚರ್ಮಕ್ಕೆ ಅಂಟಿರುವ ತಲೆಯ ಭಾಗವನ್ನು ಹಿಡಿದು, ತಿರುಚದೆ, ನೇರವಾಗಿ ನಿಧಾನಕ್ಕೆ ಎಳೆಯಿರಿ. ಹೊಟ್ಟೆ ಹಿಚುಕಿದರೆ, ಸೀಮೆಎಣ್ಣೆ ಸುರಿದರೆ, ಬೆಂಕಿಕಡ್ಡಿ ತಾಗಿಸಿದರೆ ಅದು ತನ್ನೊಳಗಿನ ರಸವನ್ನು ಗಾಯದೊಳಕ್ಕೇ ಕಕ್ಕುವ ಸಂಭವವಿದೆ. ರೋಗಾಣು ಇರುವುದು ಆ ರಸದಲ್ಲೇ. ತೆಗೆದದ್ದನ್ನು ಬೆರಳಿನಿಂದ ಅರೆಯಬೇಡಿ, ಸ್ಪಿರಿಟ್ ಇರುವ ಸಣ್ಣ ಬಾಟಲಿಗೆ ಹಾಕಿ ಮುಚ್ಚಳ ಹಾಕಿ. ಗಾಯವನ್ನು ಸೋಪಿನಿಂದ ತೊಳೆದು, ತಾರೀಖು ಬರೆದಿಡಿ.

ಇನ್ನು ನಾಯಿ. ಹೊರಡುವ ಒಂದು ವಾರ ಮೊದಲು ಪಶುವೈದ್ಯರಲ್ಲಿ ತೂಕ ಹಾಕಿಸಿ ಉಣ್ಣೆಯ ಮಾತ್ರೆ ಕೊಡಿಸಿ. ನಾಯಿಗೆ ಫಿಟ್ಸ್ ಬಂದಿದ್ದರೆ ಅದನ್ನು ಮೊದಲೇ ಹೇಳಿ, ಇಂಥ ಹಲವು ಮಾತ್ರೆಗಳು ಆ ನಾಯಿಗಳಿಗೆ ಆಗಿಬರುವುದಿಲ್ಲ. ಒಂದು ಮಾತು ಮನಸ್ಸಿನಲ್ಲಿರಲಿ: ಈ ಮಾತ್ರೆ ಉಣ್ಣೆಯನ್ನು ಓಡಿಸುವುದಿಲ್ಲ, ಕಚ್ಚಿ ರಕ್ತ ಕುಡಿದ ಮೇಲೆ ಕೊಲ್ಲುತ್ತದೆ. ಅಷ್ಟರಲ್ಲಿ ಕೂದಲಿನ ಮೇಲೆ ಸವಾರಿ ಮಾಡಿಕೊಂಡು ಬಂದ ಉಣ್ಣೆ ನಿಮ್ಮ ಜಗುಲಿಗೆ, ಹಾಸಿಗೆಗೆ ಇಳಿಯಬಹುದು. ಮಾತ್ರೆ ಕೊಟ್ಟಿದ್ದೇವೆಂದು ನಾಯಿಯನ್ನು ಮಕ್ಕಳ ಪಕ್ಕ ಮಲಗಿಸಬೇಡಿ. ಅಲ್ಲಿರುವಷ್ಟು ದಿನ ಅದಕ್ಕೆ ಹಗ್ಗ ಇರಲಿ, ಕಾಡಿಗೆ ಬಿಡುವುದು ಬೇಡ. ದಿನಕ್ಕೆರಡು ಸಲ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕೊರಳಪಟ್ಟಿಯಡಿ, ಬಾಲದ ಬುಡದಲ್ಲಿ ಹುಡುಕಿ. ರಾತ್ರಿ ಒಳಗೇ ಕಟ್ಟಿ. ಆ ಭಾಗದಲ್ಲಿ ಚಿರತೆ ಅಂಗಳದಿಂದ ನಾಯಿ ಹೊತ್ತೊಯ್ಯುವುದು ಹೊಸ ಸಂಗತಿಯಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ಎರಡು ವಾರ ಎಚ್ಚರವಿರಲಿ. ಕಾಯಿಲೆ ಸಾಮಾನ್ಯವಾಗಿ ಕಚ್ಚಿದ 3ರಿಂದ 8 ದಿನದೊಳಗೆ ಕಾಣಿಸಿಕೊಳ್ಳುತ್ತದೆ: ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು, ವಾಂತಿ. ಹಾಗಾದರೆ ವೈದ್ಯರಿಗೆ ಹೇಳಬೇಕಾದ ಮೊದಲ ಮಾತು, “ಮಲೆನಾಡಿನ ಕಾಡಿನ ಹತ್ತಿರ ಇದ್ದೆವು” ಎಂದು. ನೀವು ಹೇಳದಿದ್ದರೆ ನಗರದಲ್ಲಿ ಡೆಂಗಿ ಪರೀಕ್ಷೆಗೇ ದಿನ ಕಳೆದುಹೋಗಬಹುದು. ಅವರನ್ನು ಕೇಳದೆ ನೋವಿನ ಮಾತ್ರೆ ಕೊಡಬೇಡಿ. ಈ ಕಾಯಿಲೆಯಲ್ಲಿ ರಕ್ತಸ್ರಾವ ಆಗುವುದುಂಟು, ಕೆಲವು ನೋವಿನ ಮಾತ್ರೆಗಳು ಅದನ್ನು ಹೆಚ್ಚಿಸುತ್ತವೆ.

ಪ್ರಶ್ನೆ: ನಾವು ಕಾಡಿನ ಕಡೆ ಹೋಗಿಯೇ ಇಲ್ಲ. ಆದರೂ ನಾಯಿಯ ಮೈ ತುಂಬ ಉಣ್ಣೆ, ಗೋಡೆ ಮೇಲೂ ಹತ್ತುತ್ತಿವೆ. ವಾರವಾರ ಶಾಂಪೂ ಹಾಕಿ ಸ್ನಾನ ಮಾಡಿಸುತ್ತೇವೆ, ಮತ್ತೆ ಬರುತ್ತವೆ.
— ಓದುಗರು, ಹುಬ್ಬಳ್ಳಿ

ಉತ್ತರ: ಇದು ಬೇರೆ ಜಾತಿ, ಮನೆಯೊಳಗೇ ಸಂಸಾರ ಹೂಡುವ ಕಂದು ಉಣ್ಣೆ. ರಕ್ತ ಕುಡಿದು ಊದಿಕೊಂಡ ಹೆಣ್ಣು ಕೆಳಗೆ ಬಿದ್ದು, ಗೋಡೆಯ ಬಿರುಕಿನಲ್ಲೋ ಬಾಗಿಲ ಚೌಕಟ್ಟಿನ ಹಿಂದೆಯೋ ಸಾವಿರಾರು ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಮರಿ ನಾಯಿಯ ಮೇಲೆ ಹತ್ತುತ್ತದೆ, ಕುಡಿದು ಇಳಿಯುತ್ತದೆ, ಪೊರೆ ಕಳಚಿ ಬೆಳೆದು ಮತ್ತೆ ಹತ್ತುತ್ತದೆ. ಹೀಗೆ ಮೂರು ಸಲ. ನೀವು ಸ್ನಾನ ಮಾಡಿಸಿದ ಹೊತ್ತಿಗೆ ಅವುಗಳಲ್ಲಿ ಹೆಚ್ಚಿನವು ನಾಯಿಯ ಮೇಲಿರುವುದೇ ಇಲ್ಲ, ಗೋಡೆಯಲ್ಲಿರುತ್ತವೆ.

ಅದಕ್ಕೆ ನಾಯಿ ಮತ್ತು ಮನೆ ಎರಡಕ್ಕೂ ಒಟ್ಟಿಗೆ ಮದ್ದು ಆಗಬೇಕು. ನಾಯಿಗೆ ಪಶುವೈದ್ಯರು ಹೇಳಿದ ಮಾತ್ರೆ, ಒಂದು ಡೋಸೂ ತಪ್ಪದಂತೆ, ಕನಿಷ್ಠ ಮೂರು ತಿಂಗಳು. ಅದು ಮಲಗುವ ಜಾಗದ ಸುತ್ತಲಿನ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ. ಹಾಸುವ ಗೋಣಿ, ಬೆಡ್‌ಶೀಟನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿ. ಮನೆಗೆ ಔಷಧಿ ಸಿಂಪಡಿಸಿದರೆ ಪೂರ್ತಿ ಒಣಗುವವರೆಗೆ ಮಕ್ಕಳು, ನಾಯಿ ಹೊರಗಿರಲಿ; ದನಕ್ಕೆ ಬಳಸುವ ದ್ರಾವಣವನ್ನು ಅಳತೆಯಿಲ್ಲದೆ ನಾಯಿಗೆ ಬಳಿಯುವುದು ಅಪಾಯ. ನಾಯಿ ಊಟ ಬಿಟ್ಟರೆ, ಒಸಡು ಬಿಳಿಚಿಕೊಂಡರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ಮೂಗಿನಲ್ಲಿ ರಕ್ತ ಬಂದರೆ ಅದು ಉಣ್ಣೆ ಜ್ವರ ಇರಬಹುದು. ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಾಯಿಯ ಬೆನ್ನಿಗೆ ಹಾಕುವ ಉಣ್ಣೆ ಔಷಧಿ ಒಂದಿಷ್ಟು ಉಳಿದಿದೆ. ಬೆಕ್ಕಿನ ಮರಿಗೆ ಚಿಗಟ ಆಗಿದೆ, ಎರಡೇ ಹನಿ ಹಾಕಬಹುದೇ?
— ಓದುಗರು, ಮೈಸೂರು

ಉತ್ತರ: ಒಂದು ಹನಿಯೂ ಬೇಡ. ನಾಯಿಗಳ ಹನಿ ಔಷಧಿಗಳಲ್ಲಿ ಎಷ್ಟೋ ಕಡೆ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸುವ ಶಕ್ತಿ ಇಲ್ಲ, ಕೆಲವೇ ಗಂಟೆಗಳಲ್ಲಿ ನಡುಕ, ಫಿಟ್ಸ್ ಶುರುವಾಗಿ ಜೀವ ಹೋಗಬಹುದು. ಯಾರಾದರೂ ಹಾಕಿಬಿಟ್ಟಿದ್ದರೆ ಪಾತ್ರೆ ತೊಳೆಯುವ ಸೋಪಿನ ದ್ರಾವಣದಿಂದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಟವೆಲಿನಲ್ಲಿ ಸುತ್ತಿ, ಔಷಧಿಯ ಡಬ್ಬಿಯ ಸಮೇತ ಪಶುವೈದ್ಯರ ಬಳಿ ಓಡಿ. ಅಷ್ಟರಲ್ಲಿ ಹಾಲು ಕುಡಿಸಿ ಹೊತ್ತು ಕಳೆಯಬೇಡಿ. ನಾಯಿಗೆ ಹಾಕಿದ ದಿನವೂ ಒಣಗುವವರೆಗೆ ಬೆಕ್ಕು ಅದರ ಮೈ ನೆಕ್ಕದಂತೆ ಬೇರೆ ಕೋಣೆಯಲ್ಲಿಡಿ. ಇದೇ ಸಂದರ್ಭದಲ್ಲಿ ಹೇಳಿಬಿಡುತ್ತೇವೆ: ಬೆಕ್ಕಿಗೆ ಜ್ವರ ಎಂದು ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ. ಅದೂ ವಿಷವೇ.

ಪ್ರಶ್ನೆ: ಪಾರ್ಕಿನಲ್ಲಿ ಬೀದಿ ನಾಯಿಮರಿ ಮಗಳ ಪಾದ ಪರಚಿತು. ಒಂದು ಗೆರೆ, ತುಸು ರಕ್ತ ಒಸರಿತು. ಅಜ್ಜಿ ಅರಿಶಿನ ಹಚ್ಚಿದರು. ಮರಿಗೆ ಎರಡು ತಿಂಗಳೂ ಇರಲಿಕ್ಕಿಲ್ಲ, ಚುರುಕಾಗಿಯೇ ಇದೆ. ಇಂಜೆಕ್ಷನ್ ಬೇಕೇ?
— ಓದುಗರು, ದಾವಣಗೆರೆ

ಉತ್ತರ: ಬೇಕು. ಪತ್ರಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಎಷ್ಟೇ ದಿನ ಆಗಿದ್ದರೂ ಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ, ಅದಕ್ಕೆ ಮೊದಲು ತಡೆಯುವುದು ಪೂರ್ತಿ ಸಾಧ್ಯ. ಮರಿ ಚಿಕ್ಕದು ಎಂಬುದು ಸಮಾಧಾನದ ಮಾತಲ್ಲ. ರೇಬೀಸ್ ಲಸಿಕೆ ಹಾಕುವುದೇ ಸುಮಾರು ಮೂರು ತಿಂಗಳಿಗೆ, ಅಲ್ಲಿಯವರೆಗೆ ಅದಕ್ಕೆ ಲಸಿಕೆಯ ರಕ್ಷಣೆ ಇರುವುದಿಲ್ಲ.

ಪರಚಿದ, ಕಚ್ಚಿದ ಕೂಡಲೇ ಮಾಡಬೇಕಾದದ್ದು ನಲ್ಲಿಯ ಹರಿಯುವ ನೀರು, ಸೋಪು, 15 ನಿಮಿಷ. ಮಗು ಅತ್ತರೂ ಗಡಿಯಾರ ನೋಡಿಕೊಂಡೇ ತೊಳೆಯಿರಿ, ವೈರಸ್ಸಿನ ಬಹುಪಾಲು ಅಲ್ಲೇ ಹೋಗುತ್ತದೆ. ಆಮೇಲೆ ರೋಗಾಣು ಕೊಲ್ಲುವ ಪೊವಿಡೋನ್ ಅಯೋಡಿನ್ ಹಚ್ಚಿ. ಅರಿಶಿನ, ಸುಣ್ಣ, ಖಾರದಪುಡಿ, ಎಣ್ಣೆ ಯಾವುದೂ ಬೇಡ. ಅವು ಗಾಯವನ್ನು ಕೆರಳಿಸುತ್ತವೆ, ತೊಳೆಯುವ ಕೆಲಸಕ್ಕೂ ಅಡ್ಡಿ. ಅಜ್ಜಿಗೆ ಇದನ್ನು ಸಮಾಧಾನವಾಗಿ ವಿವರಿಸಿ, ಮುಂದಿನ ಸಲ ನೀರು ಬಿಡುವವರು ಅವರೇ ಆಗಲಿ.

ತೋಳಿನ ಚರ್ಮದೊಳಗೆ ಹಾಕುವ ಕ್ರಮದಲ್ಲಿ ಲಸಿಕೆ 0, 3, 7, 28ನೇ ದಿನ. ಸ್ನಾಯುವಿಗೆ ಹಾಕುವುದಾದರೆ 0, 3, 7, 14, 28. ಮೊದಲ ಚುಚ್ಚುಮದ್ದಿನ ದಿನವೇ 0. ರಕ್ತ ಬಂದಿರುವುದರಿಂದ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ಅಲ್ಲೇ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು. ಅದನ್ನು ಮೊದಲ ದಿನವೇ ಹಾಕಿಸುವುದು ಸರಿ. ತಪ್ಪಿದರೆ ಮೊದಲ ಲಸಿಕೆಯಿಂದ ಏಳು ದಿನದೊಳಗೆ. ನಾಯಿಯನ್ನು ಹತ್ತು ದಿನ ಗಮನಿಸುವುದು ಒಳ್ಳೆಯದೇ, ಆದರೆ ಗಮನಿಸಿದ ಮೇಲೆ ಲಸಿಕೆ ಎನ್ನಬೇಡಿ. ಮೂರನೆಯ ಡೋಸಿನ ಹೊತ್ತಿಗೆ ಮಗಳು ಲವಲವಿಕೆಯಿಂದ ಓಡಾಡುತ್ತಿರುತ್ತಾಳೆ, ಕೊನೆಯದನ್ನು ಬಿಡುವ ಮನಸ್ಸಾಗುತ್ತದೆ. ಹಾಗೆ ಮಾಡದೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಪ್ರಶ್ನೆ: ಆಗುಂಬೆ ಘಾಟಿ ಇಳಿಯುವಾಗ ಹಿಂದಿನ ಸೀಟಿನಲ್ಲಿ ಮಗನಿಗೂ ವಾಂತಿ, ನಾಯಿಗೂ ವಾಂತಿ. ಈ ಸಲ ಉಡುಪಿಗೆ ಹೇಗೆ ಹೋಗುವುದು?
— ಓದುಗರು, ಶಿವಮೊಗ್ಗ

ಉತ್ತರ: ಕಣ್ಣು ಕಾರಿನೊಳಗಿನ ಅಲ್ಲಾಡದ ಸೀಟು ನೋಡುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ತಿರುವು ತಿರುವಿಗೂ ಓಲಾಡುತ್ತದೆ. ಎರಡರ ವರದಿ ಹೊಂದದಿದ್ದಾಗ ಹೊಟ್ಟೆ ತೊಳಸುತ್ತದೆ. ಹಾಗಾಗಿ ಮಗನ ಕೈಗೆ ಮೊಬೈಲ್ ಬೇಡ, ಎದುರಿನ ರಸ್ತೆ ಕಾಣುವಂತೆ ಕೂರಿಸಿ, ಕಿಟಕಿ ಸ್ವಲ್ಪ ತೆರೆದಿಡಿ. ಹೊರಡುವ ಒಂದೂವರೆ ಗಂಟೆ ಮೊದಲು ಎರಡು ಇಡ್ಲಿ ಸಾಕು. ಪೂರಿ, ಬನ್ಸ್, ಹಾಲು ಊರು ತಲುಪಿದ ಮೇಲೆ. ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ.

ನಾಯಿಗೆ ಹೊರಡುವ ನಾಲ್ಕು ಗಂಟೆ ಮೊದಲು ಅರ್ಧ ಊಟ, ಆಮೇಲೆ ಗುಟುಕು ಗುಟುಕಾಗಿ ನೀರು ಮಾತ್ರ. ಎದೆಪಟ್ಟಿ ಹಾಕಿ ಸೀಟ್ ಬೆಲ್ಟಿಗೆ ಸಿಕ್ಕಿಸಿ. ತಿರುವಿನಲ್ಲಿ ಜಾರಿ ಬೀಳುವ ಹೆದರಿಕೆಯಿಂದಲೇ ಅರ್ಧ ವಾಂತಿ ಬರುವುದು. ತೊಡೆ ಮೇಲೆ ಕೂರಿಸಿಕೊಂಡರೆ ಬ್ರೇಕ್ ಹಾಕಿದಾಗ ಅದೂ, ಮಗನೂ ಒಟ್ಟಿಗೆ ಮುಂದಕ್ಕೆ ಎಸೆಯಲ್ಪಡುತ್ತಾರೆ. ಘಾಟಿ ಶುರುವಾಗುವ ಮೊದಲು ಕಾಲು ಗಂಟೆ ನಿಲ್ಲಿಸಿ ಇಬ್ಬರನ್ನೂ ನಡೆದಾಡಿಸಿ. ಇಷ್ಟಾದರೂ ನಿಲ್ಲದಿದ್ದರೆ ವಾಂತಿ ತಡೆಯುವ ಮಾತ್ರೆಯನ್ನು ಮಗನಿಗೆ ಮಕ್ಕಳ ವೈದ್ಯರಿಂದ, ನಾಯಿಗೆ ಪಶುವೈದ್ಯರಿಂದ ಬರೆಸಿಕೊಳ್ಳಿ. ಒಬ್ಬರದ್ದು ಇನ್ನೊಬ್ಬರಿಗೆ ಬೇಡ. ಊರಿನಲ್ಲಿ ನಿಂತಾಗ ಮುಚ್ಚಿದ ಕಾರಿನಲ್ಲಿ ಇಬ್ಬರನ್ನೂ ಐದು ನಿಮಿಷವೂ ಬಿಡಬೇಡಿ.

ಪ್ರಶ್ನೆ: ಹಬ್ಬದ ದಿನ ನಾಯಿಗೂ ಒಂದು ಹೋಳಿಗೆ ಹಾಕಬಹುದೇ?
— ಓದುಗರು, ತುಮಕೂರು

ಉತ್ತರ: ತುಪ್ಪ ಸವರದ ಒಂದು ಚೂರಿನಿಂದ ಏನೂ ಆಗದು, ಪೂರ್ತಿ ಹೋಳಿಗೆ ಬೇಡ. ಭಯಪಡಬೇಕಾದದ್ದು ಪಾಯಸದ ಒಣದ್ರಾಕ್ಷಿಗೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡ ಕೆಡಿಸಬಲ್ಲವು, ಎಷ್ಟು ತಿಂದರೆ ಅಪಾಯ ಎಂಬ ಲೆಕ್ಕವೂ ನಾಯಿಯಿಂದ ನಾಯಿಗೆ ಬೇರೆ. ಈರುಳ್ಳಿ ಹಾಕಿದ ಪಲ್ಯ, ಚಾಕೊಲೇಟ್ ಕೂಡ ದೂರ. ಮಾವಿನ ಓಟೆಯನ್ನು ಮಕ್ಕಳು ಚೀಪಿ ಅಂಗಳಕ್ಕೆ ಎಸೆಯದಂತೆ ನೋಡಿಕೊಳ್ಳಿ. ನಾಯಿ ನುಂಗಿದರೆ ಕರುಳಿಗೆ ಸಿಕ್ಕಿಕೊಂಡು ಆಪರೇಷನ್ ಆಗಬೇಕಾಗುತ್ತದೆ.

ಪ್ರಶ್ನೆ: ಮರದಡಿ ಬಿದ್ದಿದ್ದ ಗಿಳಿಮರಿಯನ್ನು ಮಕ್ಕಳು ತಂದಿದ್ದಾರೆ, ಸಾಕಬೇಕಂತೆ. ಏನು ತಿನ್ನಿಸಲಿ?
— ಓದುಗರು, ಧಾರವಾಡ

ಉತ್ತರ: ನಮ್ಮ ಕಾಡುಗಿಳಿಗಳನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಜಾತ್ರೆಯಲ್ಲಿ ದುಡ್ಡು ಕೊಟ್ಟು ತಂದರೂ ಅಷ್ಟೇ. ಮಕ್ಕಳಿಗೆ ಇದನ್ನು ಬೈಗುಳವಾಗಿ ಅಲ್ಲ, ವಿಷಯವಾಗಿ ಹೇಳಿ.

ಮರಿಯ ಮೈ ನೋಡಿ. ಗರಿ ತುಂಬಿ, ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿರುವ ಮರಿ. ಸಿಕ್ಕ ಮರದಲ್ಲೇ, ಬೆಕ್ಕಿಗೆ ಎಟುಕದ ಕೊಂಬೆಯಲ್ಲಿ ಕೂರಿಸಿ ದೂರ ನಿಂತು ನೋಡಿ, ತಾಯಿ ಸಾಮಾನ್ಯವಾಗಿ ಬರುತ್ತದೆ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ಸುಳ್ಳು. ಗರಿ ಬಂದಿರದ ಬೆತ್ತಲೆ ಮರಿಯಾದರೆ ಪೊಟರೆಗೇ ಮರಳಿಸಬೇಕು. ಪೊಟರೆ ಎಟುಕದಿದ್ದರೆ ಅಥವಾ ಗಾಯವಾಗಿದ್ದರೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಹಳೆಯ ಹತ್ತಿ ಬಟ್ಟೆ ಹಾಸಿ, ಕತ್ತಲಲ್ಲಿ ಬೆಚ್ಚಗಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಹಾಲು, ಅನ್ನ ಬೇಡ. ಬಾಯಿಗೆ ನೀರು ಹನಿಸಲೂ ಬೇಡ, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಮರಿಯನ್ನು ಮುಟ್ಟಿದ ಮಕ್ಕಳೆಲ್ಲ ಸೋಪು ಹಾಕಿ ಕೈ ತೊಳೆದುಕೊಳ್ಳಲಿ.