ಕಡಕ್‌ನಾಥ್ ಕೋಳಿಯ ಮಾಂಸವೂ ಮೂಳೆಯೂ ಕಪ್ಪಾಗಿರುವುದೇಕೆ? ಮೊಟ್ಟೆಯೂ ಕಪ್ಪೇ?

ಕಪ್ಪು ಬಣ್ಣವು ಮೇವಿನಿಂದಾಗಲಿ ಔಷಧದಿಂದಾಗಲಿ ಬಂದದ್ದಲ್ಲ, ಅದು ತಳಿಯ ಹುಟ್ಟುಗುಣ. ಸಾಮಾನ್ಯ ಕೋಳಿಯ ಭ್ರೂಣದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವ ಕೋಶಗಳು ಮುಖ್ಯವಾಗಿ ಚರ್ಮ ಮತ್ತು ಗರಿಗಳಿಗಷ್ಟೇ ಸೀಮಿತವಾಗಿರುತ್ತವೆ. ಕಡಕ್‌ನಾಥ್‌ನಲ್ಲಾದರೋ ಇಡಿಎನ್3 ಎಂಬ ಜೀನ್ ಇರುವ ಡಿಎನ್‌ಎ ಭಾಗವು ಇಮ್ಮಡಿಯಾಗಿರುವುದರಿಂದ ಆ ಕೋಶಗಳು ಅತಿಯಾಗಿ ವೃದ್ಧಿಸಿ, ಸ್ನಾಯುಗಳ ನಡುವಿನ ಅಂಗಾಂಶ, ಮೂಳೆಯ ಹೊದಿಕೆ ಮತ್ತು ಒಳ ಅಂಗಗಳವರೆಗೂ ಹರಡಿಕೊಳ್ಳುತ್ತವೆ. ಚೀನಾದ ಸಿಲ್ಕಿ, ಇಂಡೋನೇಷ್ಯಾದ ಅಯಾಮ್ ಚೆಮಾನಿ ತಳಿಗಳ ಕಪ್ಪಿಗೂ ಇದೇ ಜೀನ್ ಬದಲಾವಣೆಯೇ ಕಾರಣವೆಂಬುದು ನನಗೆ ಅತ್ಯಂತ ಸೋಜಿಗದ ಸಂಗತಿ.

ಮೊಟ್ಟೆ ಮಾತ್ರ ಕಪ್ಪಲ್ಲ. ಚಿಪ್ಪಿನ ಬಣ್ಣವು ಮೆಲನಿನ್‌ನಿಂದಲ್ಲದೆ ಗರ್ಭಕೋಶದಲ್ಲಿ ಸ್ರವಿಸುವ ಬೇರೆ ವರ್ಣದ್ರವ್ಯಗಳಿಂದ ಬರುವುದರಿಂದ, ಕಡಕ್‌ನಾಥ್ ಮೊಟ್ಟೆಯು ನಮ್ಮ ನಾಟಿ ಕೋಳಿಯದರಂತೆಯೇ ತಿಳಿಗಂದು ಅಥವಾ ಕೆನೆಬಣ್ಣದ್ದಾಗಿರುತ್ತದೆ. ಆದ್ದರಿಂದ ಕಪ್ಪು ಮೊಟ್ಟೆಯೆಂದು ಹೆಚ್ಚಿನ ಬೆಲೆಗೆ ಮಾರುವವರನ್ನು ದಯವಿಟ್ಟು ನಂಬಬೇಡಿ.

ಮಧ್ಯಪ್ರದೇಶದ ಝಾಬುವಾ ಸೀಮೆಯ ಭಿಲ್ ಮತ್ತು ಭಿಲಾಲಾ ಸಮುದಾಯಗಳು ತಲೆಮಾರುಗಳಿಂದ ಸಾಕಿ ಉಳಿಸಿಕೊಂಡು ಬಂದಿರುವ ಈ ತಳಿಯನ್ನು ಅಲ್ಲಿ ‘ಕಾಲಿಮಾಸಿ’ ಎಂದೂ ಕರೆಯುತ್ತಾರೆ. ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಈ ಹೇಂಟೆಗಳು ಕಾವು ಕೂರುವುದು ಕಡಿಮೆಯಾದ್ದರಿಂದ, ಸಾಕಲು ಯೋಚಿಸುತ್ತಿದ್ದರೆ ಮರಿ ಮಾಡಿಸಲು ನಾಟಿ ಹೇಂಟೆಯನ್ನೋ ಕಾವುಯಂತ್ರವನ್ನೋ ಮೊದಲೇ ಹೊಂದಿಸಿಕೊಳ್ಳುವುದು ಒಳ್ಳೆಯದು.